ಕಕ್ಕಡದ ಮಳೆಗೆ ತಡೆಯುವ ಬೌರಾನ್ ಯಾವುದು?

ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಜಡಿಮಳೆ ಸುರಿಯುವ ಕೊಡಗಿನಲ್ಲಿ ಬೌರಾನ್ ಕೊಳ್ಳುವವರು ನಾದಕ್ಕಿಂತ ಮೊದಲು ತೇವದ ಲೆಕ್ಕ ಹಾಕಬೇಕು. ಒಂದೇ ಬದಿಗೆ ಆಡಿನ ಚರ್ಮ ಬಿಗಿದ ಐರ್ಲೆಂಡಿನ ವಾದ್ಯ ಇದು, ನಮ್ಮ ತಮಟೆಯ ಜಾತಿಯದು. ಗಾಳಿಯಲ್ಲಿ ತೇವ ಏರಿದರೆ ಚರ್ಮ ನೀರು ಹೀರಿ ಜೋಲುತ್ತದೆ, ಶ್ರುತಿ ಇಳಿಯುತ್ತದೆ. ಒಣಗಿದರೆ ಬಿಗಿದುಕೊಂಡು ಕೀರಲಾಗುತ್ತದೆ. ಕುಶಾಲನಗರದಲ್ಲಿ ಹದವಾಗಿದ್ದ ಬೌರಾನ್ ಮಳೆಗಾಲದಲ್ಲಿ ಭಾಗಮಂಡಲ ಮುಟ್ಟುವಷ್ಟರಲ್ಲಿ ಒದ್ದೆ ರಟ್ಟು ತಟ್ಟಿದ ಹಾಗೆ ಧಪ್ ಧಪ್ ಅನ್ನುತ್ತದೆ.

ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುವುದು ಹೆಚ್ಚಾಗಿ 18 ಇಂಚು ಅಗಲದ ಮಾದರಿ. ಚರ್ಮವನ್ನು ಮೊಳೆ ಹೊಡೆದು ಕೂರಿಸಿರುತ್ತಾರೆ, ಹಿಂದೆ ಅಡ್ಡಪಟ್ಟಿ ಇರುತ್ತದೆ, ಮುಖದ ಮೇಲೆ ಬಣ್ಣದ ಚಿತ್ರ ಇರುತ್ತದೆ. ಗೋಡೆಗೆ ಚೆಂದ, ಬಾರಿಸಲು ಬೇಡ. ಶ್ರುತಿ ಏರಿಸುವ ದಾರಿಯೇ ಇಲ್ಲದ್ದರಿಂದ ಪ್ರತಿ ಸಲ ಬೆಂಕಿಗೆ ಹಿಡಿಯಬೇಕಾಗುತ್ತದೆ. ತಮಟೆಗೆ ಒಗ್ಗುವ ಆ ಉಪಾಯ ಇಲ್ಲಿ ಬಹಳ ದಿನ ನಡೆಯುವುದಿಲ್ಲ: ಒಂದು ಕಡೆ ಬೇಗ ಒಣಗಿ ಕುಗ್ಗಿದ ತೆಳು ಚರ್ಮ ಮೊಳೆಯ ತೂತಿನಿಂದಲೇ ಸೀಳಲು ಶುರುವಾಗುತ್ತದೆ. ಅಡ್ಡಪಟ್ಟಿಯೂ ತೊಡಕೇ. ಎಡಗೈ ಚರ್ಮದ ಒಳಮೈ ಮೇಲೆ ಸರಿದಾಡುತ್ತ ಸ್ವರ ಏರಿಳಿಸಬೇಕು, ಪಟ್ಟಿ ಅದಕ್ಕೆ ಅಡ್ಡ ಬರುತ್ತದೆ.

ನಮ್ಮ ಆಯ್ಕೆ 15 ಅಥವಾ 16 ಇಂಚು ಅಗಲ, 5 ಇಂಚು ಆಳ, ಅಡ್ಡಪಟ್ಟಿ ಇಲ್ಲದ, ಒಳಗೆ ಬೋಲ್ಟುಗಳಿರುವ ಮಾದರಿ. ಮರದ ಕಟ್ಟಿನೊಳಗೆ ಇನ್ನೊಂದು ಬಳೆ ಕೂತಿರುತ್ತದೆ. ಬೋಲ್ಟು ತಿರುಗಿಸಿದರೆ ಆ ಬಳೆ ಒಳಗಿನಿಂದ ಚರ್ಮವನ್ನು ಒತ್ತಿ ಬಿಗಿ ಮಾಡುತ್ತದೆ. ಆಲನ್ ಕೀಯಿಂದ ಒಂದು ಬೋಲ್ಟಿಗೆ ಕಾಲು ಸುತ್ತು, ಆಮೇಲೆ ಅದರ ಎದುರಿನದಕ್ಕೆ ಕಾಲು ಸುತ್ತು, ಹೀಗೆ ಎಲ್ಲವನ್ನೂ ಮುಗಿಸಿ. ಪಕ್ಕಪಕ್ಕದ್ದನ್ನೇ ತಿರುಗಿಸುತ್ತ ಹೋದರೆ ಬಳೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಪ್ರತಿ ಬೋಲ್ಟಿನ ನೇರಕ್ಕೆ ಅಂಚಿನ ಮೇಲೆ ಬೆರಳಲ್ಲಿ ತಟ್ಟಿ ಕೇಳಿ, ಎಲ್ಲ ಕಡೆ ಒಂದೇ ಸ್ವರ ಬರಬೇಕು.

ಬಾರಿಸಿ ಮುಗಿಸಿದ ಕೂಡಲೇ ಏರಿಸಿದಷ್ಟನ್ನೂ ಇಳಿಸಿ. ಇದನ್ನು ಮರೆತರೆ ದುಬಾರಿಯಾಗುತ್ತದೆ. ಮಡಿಕೇರಿಯ ಮಂಜಿನಲ್ಲಿ ಬಿಗಿದ ಬೌರಾನನ್ನು ಹಾಗೇ ಕಾರಿನಲ್ಲಿಟ್ಟು ಮೈಸೂರಿಗೆ ಇಳಿದರೆ ದಾರಿಯಲ್ಲೇ ಚರ್ಮ ಒಣಗಿ ಇನ್ನಷ್ಟು ಕುಗ್ಗುತ್ತದೆ. ಆಗ ಚರ್ಮ ಹರಿಯಬಹುದು, ಇಲ್ಲವೇ ಕಟ್ಟು ಸೊಟ್ಟಗಾಗಬಹುದು.

ಪಾರ್ಸೆಲ್ ಬಂದ ದಿನವೇ ಸಮತಟ್ಟಾದ ಮೇಜಿನ ಮೇಲೆ ಮಗುಚಿ ಇಟ್ಟು ನೋಡಿ. ಅಲುಗಾಡಿದರೆ ವಾಪಸ್ ಕಳಿಸಿ, ಸೊಟ್ಟ ಕಟ್ಟು ಮನೆಯಲ್ಲಿ ನೆಟ್ಟಗಾಗುವುದಿಲ್ಲ. ಬೋಲ್ಟುಗಳಿಗೆ ಮಳೆಗಾಲಕ್ಕೆ ಮುಂಚೆ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ, ತುಕ್ಕು ಹಿಡಿದರೆ ಆಲನ್ ಕೀ ಜಾರಿ ಬೋಲ್ಟಿನ ತಲೆ ಸವೆಯುತ್ತದೆ. ಅಂಚಿನಲ್ಲಿ ಗುಂಯ್ ಅನ್ನುವ ಹೆಚ್ಚಿನ ದನಿ ಇದ್ದರೆ ಚರ್ಮದ ಸುತ್ತ ಒಂದು ವರಸೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿದರೆ ಸಾಕು.

ರೆಮೋ ಕಂಪನಿಯ ಕೃತಕ ಹೊದಿಕೆಯ ಬೌರಾನಿಗೆ ತೇವದ ಕಾಟವಿಲ್ಲ. ಶಾಲೆಯಲ್ಲಿ ಇಡುವುದಾದರೆ ಅದೇ ಸರಿ. ಆದರೆ ಅಂಗೈ ಒತ್ತಿದಾಗ ಆಡಿನ ಚರ್ಮ ಕೊಡುವ ಆ ಮಣ್ಣಿನಂಥ ಗಂಭೀರ ನಾದ ಅದರಲ್ಲಿ ನಮಗೆ ಸಿಗಲಿಲ್ಲ.

ಕೋಲಿಗೆ ಟಿಪ್ಪರ್ ಅನ್ನುತ್ತಾರೆ. 8ರಿಂದ 9 ಇಂಚು ಉದ್ದದ, ಹಗುರಾದದ್ದು ಸಾಕು. ಪೆನ್ನಿನ ಹಾಗೆ ಹಿಡಿದು ಮಣಿಕಟ್ಟಿನಿಂದ ಮೇಲೆ ಕೆಳಗೆ ಆಡಿಸಬೇಕು. ಕೊಡವರ ದುಡಿ ವಾದ್ಯದಲ್ಲಿ ಪಳಗಿದ ಕೈಗೆ ಮೇಲ್ಮುಖದ ಹೊಡೆತ ಹೊಸದು, ಅದನ್ನೇ ಒಂದು ವಾರ ಬಿಡಿಯಾಗಿ ಸಾಧಿಸಿ. ಐರಿಷ್ ಕುಣಿತದ ಲಯಗಳಲ್ಲಿ ರೀಲ್ ಸುಲಭ, ತಕಧಿಮಿ ನಡೆ: ಕೆಳಗೆ, ಮೇಲೆ, ಕೆಳಗೆ, ಮೇಲೆ. ಜಿಗ್ ತಕಿಟ ತಕಿಟ: ಕೆಳಗೆ, ಮೇಲೆ, ಕೆಳಗೆ, ಮೇಲೆ, ಕೆಳಗೆ, ಮೇಲೆ. ಎರಡನೇ ತಕಿಟದ ಒತ್ತು ಮೇಲ್ಮುಖದ ಹೊಡೆತಕ್ಕೆ ಬೀಳುತ್ತದೆ. ಎಲ್ಲರೂ ಎಡವುವುದು ಇಲ್ಲೇ, ಒತ್ತು ಸೊರಗಿ ಜಿಗ್ ಕುಂಟುತ್ತದೆ.

ಐರ್ಲೆಂಡಿನ ಗುಂಪು ಕುಣಿತವಾದ ಸೆಟ್ ಡ್ಯಾನ್ಸ್‌ನಲ್ಲಿ ನಾಲ್ಕು ಜೋಡಿ ಚೌಕವಾಗಿ ನಿಂತು ಕುಣಿಯುತ್ತಾರೆ. ಐರ್ಲೆಂಡಿನ ಕ್ಲೇರ್ ಕಡೆಯ ಕ್ಯಾಲೆಡೋನಿಯನ್ ಸೆಟ್‌ಗೆ ಹೆಚ್ಚಾಗಿ ರೀಲ್ ಬೇಕು, ಕೆರ್ರಿ ಮತ್ತು ಕಾರ್ಕ್ ಗಡಿಯ ಸೆಟ್‌ಗಳಿಗೆ ಪೋಲ್ಕಾ, ಸ್ಲೈಡ್ ಎಂಬ ಲಯಗಳು. ಕುಣಿಯುವವರ ಬೂಟಿನ ಸದ್ದೇ ಅಲ್ಲಿ ಒಂದು ತಾಳವಾದ್ಯ. ಅದು ಎದ್ದಾಗ ಬೌರಾನ್ ತಗ್ಗಬೇಕು. ನಮ್ಮ ರೆಡ್ ಆಕ್ಸೈಡ್ ನೆಲದಲ್ಲಿ ಆ ಸದ್ದು ಹುಟ್ಟುವುದಿಲ್ಲ, ಹಲಗೆ ಹಾಸಿ ಅಭ್ಯಾಸ ಮಾಡಿ. ಒಂದು ಕೂಟಕ್ಕೆ ಒಂದೇ ಬೌರಾನ್ ಸಾಕು, ಎರಡಾದರೆ ಫಿಡಲ್ ಮುಳುಗುತ್ತದೆ. ಮೊದಲು ಹೆಚ್ಚಾಗಿ ಡಿಸೆಂಬರ್ 26ರ ರೆನ್ ಹಬ್ಬದ ಮೆರವಣಿಗೆಯಲ್ಲಿ ಕೇಳಿಸುತ್ತಿದ್ದ ಈ ವಾದ್ಯವನ್ನು 1960ರ ಸುಮಾರಿಗೆ ಐರಿಷ್ ಸಂಗೀತ ಸಂಯೋಜಕ ಶಾನ್ ಓ ರಿಯಾಡ ತಮ್ಮ ವಾದ್ಯವೃಂದಕ್ಕೆ ತಂದು ಮರ್ಯಾದೆಯ ಜಾಗ ಕೊಟ್ಟರು. ಅಬ್ಬರಿಸದೆ ಬಾರಿಸಿದರೆ ಆ ಮರ್ಯಾದೆ ಉಳಿಯುತ್ತದೆ.

ಚಪ್ಪಲಿ, ಬೆಲ್ಟಿಗೆ ಹಿಡಿಯುವ ಬೂಷ್ಟು ಬೌರಾನಿನ ಚರ್ಮಕ್ಕೂ ಹಿಡಿಯುತ್ತದೆ. ಒಣ ಬಟ್ಟೆಯಿಂದಷ್ಟೇ ಒರೆಸಿ. ಪ್ಲಾಸ್ಟಿಕ್ ಚೀಲ ಬೇಡ, ಅಟ್ಟವೂ ಬೇಡ, ಒಲೆಯ ಮೇಲ್ಗಡೆಯಂತೂ ಬೇಡವೇ ಬೇಡ. ದಪ್ಪ ಹತ್ತಿಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಹೊರಗೋಡೆಗೆ ತಾಗದ ಹಾಗೆ ತೂಗುಹಾಕಿ. ಜಡಿಮಳೆಯ ದಿನಗಳಲ್ಲಿ ಆ ಪೊಟ್ಟಣಗಳು ಬೇಗ ತೇವ ತುಂಬಿಕೊಳ್ಳುತ್ತವೆ, ಆಗಾಗ ಬದಲಿಸುತ್ತಿರಿ.