ಬೋರ್ ಪಾಯಿಂಟ್‌ಗೆ ಯಾವ ಸರ್ವೆ? ನಾಲ್ಕು ಗೂಟದ್ದೋ, ಸಾಲು ಗೂಟದ್ದೋ?

ಕೋಲಾರದ ಕಡೆ ಬೋರ್ ಹಾಕಿಸುವ ಮುಂಚೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವುದು ಮಾಮೂಲಿ. ಅದನ್ನು ಬಿಡಿ. ನೆಲಕ್ಕೆ ಕರೆಂಟ್ ಹಾಯಿಸಿ, ನೆಲ ಅದನ್ನು ಎಷ್ಟು ತಡೆಯುತ್ತದೆ ಎಂದು ನೋಡುವ ರೆಸಿಸ್ಟಿವಿಟಿ ಸರ್ವೆಯಲ್ಲೇ ಎರಡು ಬಗೆ ಇವೆ.

ನಾಲ್ಕು ಗೂಟದ್ದು ಹಳೇದು, ಅಗ್ಗ. ಒಂದೇ ಸಾಲಿನಲ್ಲಿ ಹೊಡೆದ ನಾಲ್ಕು ಲೋಹದ ಗೂಟಗಳಲ್ಲಿ ಹೊರಗಿನ ಎರಡರಿಂದ ಕರೆಂಟ್ ಬಿಟ್ಟು, ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆಯುತ್ತಾರೆ. ಹೊರಗಿನವನ್ನು ದೂರ ಸರಿಸಿದಷ್ಟೂ ಆಳದ ಸುದ್ದಿ ಸಿಗುತ್ತದೆ. 100 ಮೀಟರ್ ಆಳಕ್ಕೆ ಸುಮಾರು 300-400 ಮೀಟರ್ ನೇರ ಜಾಗ ಬೇಕು. ಎರಡು ಎಕರೆಯವರು ಪಕ್ಕದವರ ಟೊಮೆಟೊ ಸಾಲಿನಲ್ಲೇ ಗೂಟ ಹೊಡೆಯಬೇಕು, ಅಲ್ವಾ? ಅಷ್ಟಾದರೂ ತಿಳಿಯುವುದು ಒಂದೇ ಜಾಗದ ಕಥೆ.

ಸಾಲು ಗೂಟದ್ದರಲ್ಲಿ ಹತ್ತಾರು ಗೂಟ ನೆಡುತ್ತಾರೆ. ಯಂತ್ರವೇ ಜೋಡಿ ಬದಲಿಸುತ್ತಾ ಅಳೆಯುತ್ತದೆ. ನೆಲವನ್ನು ಕೊಯ್ದು ತೋರಿಸಿದಂತೆ ಬಣ್ಣದ ಚಿತ್ರ ಬರುತ್ತದೆ. ಗಟ್ಟಿ ಗ್ರಾನೈಟ್ ಸಾವಿರಾರು ಓಮ್-ಮೀಟರ್ (ಕರೆಂಟ್ ತಡೆಯುವ ಗುಣದ ಅಳತೆ) ತೋರಿಸುತ್ತದೆ, ನೀರು ಹಿಡಿದ ಶಿಥಿಲ ಕಲ್ಲು ಅದಕ್ಕಿಂತ ತುಂಬಾ ಕಡಿಮೆ. ಜೇಡಿಮಣ್ಣೂ ಕಡಿಮೆಯೇ ತೋರಿಸಿ ಮೋಸ ಮಾಡುತ್ತದೆ.

ನಮ್ಮಲ್ಲಿ ನೀರಿರುವುದು ಕಲ್ಲಿನ ಬಿರುಕಿನಲ್ಲಿ. ಹಾಗಾಗಿ ಖರ್ಚು ಜಾಸ್ತಿಯಾದರೂ ನನ್ನ ಓಟು ಸಾಲು ಗೂಟಕ್ಕೆ. ಸಾವಿರ ಅಡಿ ಕೆಳಗಿನ ಸಣ್ಣ ಬಿರುಕು ಮಾತ್ರ ಎರಡಕ್ಕೂ ಕಾಣದು.