ಕಾಪರ್-ಟಿ ಹಾಕಿಸಬೇಕಾ, ಅಂತರಾ ಇಂಜೆಕ್ಷನ್ ತಗೋಬೇಕಾ?

ಒಂದು ಮಗು ಆಗಿದೆ, ಇನ್ನೊಂದು ಸದ್ಯಕ್ಕೆ ಬೇಡ. ಬಸಿರು ತಡೆಯುವ ಈ ಎರಡೂ ವಿಧಾನ ವಿಜಯಪುರ ಜಿಲ್ಲೆಯ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಹಾಗಾದ್ರೆ ಯಾವುದು?

ಕಾಪರ್-ಟಿ ಅಂದ್ರೆ ಗರ್ಭಕೋಶದೊಳಗೆ ಇಡುವ ಪುಟ್ಟ ಸಾಧನ, ಅದರಲ್ಲಿ ಹಾರ್ಮೋನ್ ಇಲ್ಲ. ಗರ್ಭಕೋಶದೊಳಗಿನ ತಾಮ್ರ ವೀರ್ಯಾಣುಗಳನ್ನು ದುರ್ಬಲ ಮಾಡುತ್ತದೆ. 375 ಮಾದರಿ 5 ವರ್ಷ, 380ಎ 10 ವರ್ಷ ಬರುತ್ತದೆ. ತೆಗೆಸಿದ ಕೂಡಲೇ ಬಸಿರಾಗಬಹುದು. ಆದರೆ ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ, ಹೊಟ್ಟೆನೋವು ಜಾಸ್ತಿ. ರಕ್ತಹೀನತೆ ಇದ್ದವರು ಮೊದಲೇ ಡಾಕ್ಟರಿಗೆ ಹೇಳಲೇಬೇಕು.

ಅಂತರಾ 3 ತಿಂಗಳಿಗೊಮ್ಮೆ. ಅದರ ಹಾರ್ಮೋನ್ ಅಂಡಾಶಯದಿಂದ ಅಂಡ ಹೊರಬರದಂತೆ ತಡೆಯುತ್ತದೆ. ಮುಟ್ಟು ಏರುಪೇರಾಗುತ್ತದೆ, ನಿಂತೂ ಹೋಗಬಹುದು. ‘ಕೆಟ್ಟ ರಕ್ತ ಒಳಗೇ ಉಳೀತು’ ಎಂದು ಮನೆಯ ಹಿರಿಯರು ಹೆದರುತ್ತಾರೆ. ಹಾಗೇನೂ ಇಲ್ಲ. ಗರ್ಭಕೋಶದ ಒಳಪದರ ತೆಳ್ಳಗಾಗಿರುತ್ತದೆ, ಹೊರಹೋಗಲು ಏನೂ ಇರುವುದಿಲ್ಲ, ಅಷ್ಟೇ. ಇಂಜೆಕ್ಷನ್ ಬಿಟ್ಟ ಮೇಲೆ ಬಸಿರಾಗಲು ಮಾತ್ರ ತಿಂಗಳುಗಟ್ಟಲೆ ಕಾಯಬೇಕಾದೀತು, ಕೆಲವರಿಗೆ ವರ್ಷವೇ.

ಇಂಡಿ, ಸಿಂದಗಿ ಕಡೆಯಿಂದ ಕಬ್ಬು ಕಡಿಯಲು, ಗೋವಾಕ್ಕೆ ದುಡಿಯಲು ಹೋಗುವವರಿಗೆ ಇಂಜೆಕ್ಷನ್ ತಾರೀಕು ತಪ್ಪುವುದು ಸುಲಭ. ಅಂಥವರಿಗೆ ಕಾಪರ್-ಟಿಯೇ ವಾಸಿ ಎನ್ನುತ್ತೇನೆ. ಮುಂದಿನ ವರ್ಷವೇ ಮಗು ಬೇಕೆನ್ನುವವರಿಗೂ ಅದೇ. ಮುಟ್ಟಿನಲ್ಲಿ ಈಗಲೇ ವಿಪರೀತ ಸ್ರಾವ ಇದ್ದರೆ ಮೊದಲು ಕಾರಣ ತಪಾಸಣೆ ಮಾಡಿಸಿ, ಆಮೇಲೆ ಅಂತರಾ ಕೇಳಿ.

ಲೈಂಗಿಕ ಸೋಂಕನ್ನು ಎರಡೂ ತಡೆಯಲ್ಲ. ಅದಕ್ಕೆ ಕಾಂಡೋಮ್ ಬೇಕೇ ಬೇಕು.