ಹಳೆಯ ಝೆನ್‌ಗೆ ಮೊದಲು ಟರ್ಬೊ, ಆಮೇಲೆ ಎಸ್ಟೀಮ್ ಎಂಜಿನ್: ಹದಿನಾರು ವರ್ಷಗಳ ಬಳಕೆಯ ವಿಮರ್ಶೆ

ನಾನು ಪುಣೆಯ ಭೋಸರಿಯಲ್ಲಿ ಯಂತ್ರಭಾಗಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ಊರು ಧಾರವಾಡ. 2000ನೇ ಇಸವಿಯ ಮಾರುತಿ ಝೆನ್ ಇಂದಿಗೂ ನನ್ನ ದಿನಬಳಕೆಯ ಕಾರು. ಅದರ ಮೂಲ ಎಂಜಿನ್ 993 ಸಿಸಿಯದು, ನಾಲ್ಕು ಸಿಲಿಂಡರಿನದು, ಸುಮಾರು 60 ಅಶ್ವಶಕ್ತಿಯದು. ಪುಣೆಯೊಳಗೆ ಓಡಾಡಲು ಅದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಹೆಂಡತಿ, ಮಕ್ಕಳು, ಹಬ್ಬದ ಸಾಮಾನು ಎಲ್ಲವನ್ನೂ ಹೇರಿಕೊಂಡು ಧಾರವಾಡಕ್ಕೆ ಹೊರಟಾಗಲೆಲ್ಲ ಖಂಬಾಟಕಿ ಘಾಟಿನ ಏರಿನಲ್ಲಿ ಏಸಿ ಆರಿಸಿ ಎರಡನೇ ಗೇರಿಗೆ ಇಳಿಯಬೇಕಾಗುತ್ತಿತ್ತು, ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಕಾರು ಮಾರುವ ಮನಸ್ಸಿರಲಿಲ್ಲ. ಶಕ್ತಿ ಮಾತ್ರ ಬೇಕಾಗಿತ್ತು.

2009ರಲ್ಲಿ ಎರಡು ದಾರಿಗಳು ಕಂಡವು. ಇದ್ದ ಎಂಜಿನ್‌ಗೆ ಟರ್ಬೊ (ಎಕ್ಸಾಸ್ಟ್ ಹೊಗೆಯ ರಭಸದಿಂದ ಟರ್ಬೈನ್ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ) ಕೂರಿಸುವುದು ಒಂದು, ಮಾರುತಿಯದೇ ದೊಡ್ಡ ಕಾರಾದ ಎಸ್ಟೀಮ್‌ನ 1298 ಸಿಸಿ ಎಂಜಿನ್ ತಂದು ಇಳಿಸುವುದು ಇನ್ನೊಂದು. ಎರಡನ್ನೂ ಒಂದಾದ ಮೇಲೊಂದರಂತೆ ಮಾಡಿ, ಎರಡರ ಲಾಭನಷ್ಟವನ್ನೂ ಸ್ವಂತ ಹಣದಲ್ಲಿ ಕಂಡಿದ್ದೇನೆ.

ಮೊದಲು ಆರಿಸಿಕೊಂಡದ್ದು ಟರ್ಬೊ. ಮೂಲ ಎಂಜಿನ್ ಉಳಿಯುತ್ತದೆ, ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಬದಲಾಗುವುದಿಲ್ಲ, ಕೆಲಸ ಒಂದು ವಾರದಲ್ಲಿ ಮುಗಿಯುತ್ತದೆ ಎಂಬ ಲೆಕ್ಕ ನನ್ನದಾಗಿತ್ತು. ಆಗ ಕಾರು 85,000 ಕಿ.ಮೀ. ಓಡಿತ್ತು. ಸಣ್ಣ ಡೀಸೆಲ್ ಕಾರೊಂದರ ಟರ್ಬೊ ಗುಜರಿಯಲ್ಲಿ ಸಿಕ್ಕಿತು. ಅದಕ್ಕೆ ಹೊಂದುವ ಮ್ಯಾನಿಫೋಲ್ಡ್ (ಎಕ್ಸಾಸ್ಟ್ ಹೊಗೆ ಸಾಗಿಸುವ ಕೊಳವೆ), ಒತ್ತಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್, ಇಂಧನ ಸಿಂಪಡಿಸುವ ದೊಡ್ಡ ಇಂಜೆಕ್ಟರ್, ಎಂಜಿನ್ನಿನ ಇಂಧನ ಮತ್ತು ಕಿಡಿಯನ್ನು ನಿಯಂತ್ರಿಸುವ ಕಂಪ್ಯೂಟರಾದ ಮೂಲ ಇಸಿಯುವಿನ ಜೊತೆಗೆ ಜೋಡಿಸಿ ಅದರ ಲೆಕ್ಕವನ್ನು ತಿದ್ದುವ ಒಂದು ಪಿಗ್ಗಿಬ್ಯಾಕ್ ಪೆಟ್ಟಿಗೆ ಎಲ್ಲ ಸೇರಿ 78,000 ರೂಪಾಯಿ ಖರ್ಚಾಯಿತು. ಬೂಸ್ಟ್ ಒತ್ತಡವನ್ನು, ಅಂದರೆ ಟರ್ಬೊ ಹೆಚ್ಚುವರಿಯಾಗಿ ತುಂಬುವ ಗಾಳಿಯ ಒತ್ತಡವನ್ನು, 0.4 ಬಾರ್‌ಗೆ ಸೀಮಿತಗೊಳಿಸಿದ್ದೆವು. ವಾತಾವರಣದ ಒತ್ತಡವೇ ಸುಮಾರು 1 ಬಾರ್ ಇರುವುದರಿಂದ, ಕಾಗದದ ಮೇಲೆ ಎಂಜಿನ್ ಶೇ 40ರವರೆಗೆ ಹೆಚ್ಚು ಗಾಳಿ ಸೇವಿಸಬೇಕು. ಒತ್ತಿದ ಗಾಳಿ ಬಿಸಿಯಾಗಿ ಹಿಗ್ಗುವುದರಿಂದ ನಿಜವಾದ ಲಾಭ ಅದಕ್ಕಿಂತ ಕಡಿಮೆ.

ಓಡಿಸುವ ಸುಖ ಮಾತ್ರ ಲೆಕ್ಕಕ್ಕಿಂತ ದೊಡ್ಡದಾಗಿತ್ತು ಎಂಬುದನ್ನು ಒಪ್ಪಿಕೊಳ್ಳಲೇಬೇಕು. 2800 ಆರ್‌ಪಿಎಂ ದಾಟುತ್ತಿದ್ದಂತೆ ಬಾನೆಟ್‌ನ ಒಳಗಿಂದ ಸಣ್ಣದೊಂದು ಶಿಳ್ಳೆ ಎದ್ದು, 750 ಕಿಲೊ ತೂಗದ ಆ ಕಾರನ್ನು ಯಾರೋ ಹಿಂದಿನಿಂದ ದೂಡಿದಂತೆ ಮುಂದಕ್ಕೆ ಒಯ್ಯುತ್ತಿತ್ತು. ಮಳೆಗಾಲದ ತಾಮ್ಹಿಣಿ ಘಾಟಿನಲ್ಲಿ ತಂಪು ಗಾಳಿ ಕುಡಿದು ಅದು ಏರುತ್ತಿದ್ದ ರೀತಿಯನ್ನು ನಾನಿನ್ನೂ ಮರೆತಿಲ್ಲ.

ತೊಂದರೆ ಶುರುವಾದದ್ದು ಬೇಸಿಗೆಯಲ್ಲಿ. 2010ರ ಮೇ ತಿಂಗಳಲ್ಲಿ, ನಾಲ್ಕು ಜನರನ್ನು ಕೂರಿಸಿಕೊಂಡು, ಏಸಿ ಹಾಕಿ, ಟ್ಯಾಂಕಿನಲ್ಲಿ ಸಾಮಾನ್ಯ ಪೆಟ್ರೋಲ್ ತುಂಬಿಸಿಕೊಂಡು ಖಂಬಾಟಕಿ ಏರುವಾಗ, ತಗಡಿನ ಡಬ್ಬಿಯಲ್ಲಿ ಹರಳು ಹಾಕಿ ಅಲ್ಲಾಡಿಸಿದಂಥ ಸದ್ದು ಕೇಳಿಸಿತು. ಅದು ನಾಕಿಂಗ್. ಸಿಲಿಂಡರಿನೊಳಗೆ ಒತ್ತಡ ಮತ್ತು ಬಿಸಿ ಮಿತಿ ಮೀರಿದಾಗ, ಪ್ಲಗ್ಗಿನ ಕಿಡಿಯಿಂದ ಹೊರಟ ಉರಿ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಆ ಪೆಟ್ಟು ನೇರವಾಗಿ ಪಿಸ್ಟನ್ನಿನ ಮೇಲೆ ಬೀಳುತ್ತದೆ. ನಾನು ಕಾಲು ಸಡಿಲಿಸಿದೆ, ಸದ್ದು ನಿಂತಿತು. ಸಾತಾರಾ ತಲುಪುವಷ್ಟರಲ್ಲಿ ಸೈಲೆನ್ಸರಿನಿಂದ ನೀಲಿ ಹೊಗೆ ಬರತೊಡಗಿತ್ತು.

ಭೋಸರಿಗೆ ಎಳೆದು ತಂದು ಪ್ಲಗ್ಗುಗಳನ್ನು ಬಿಚ್ಚಿದಾಗ, ಮೂರನೆಯದರ ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತ ಚಿಕ್ಕದಾದ ಬೆಳ್ಳಿಬಣ್ಣದ ಕಣಗಳು ಅಂಟಿಕೊಂಡಿದ್ದವು. ಅವು ಪಿಸ್ಟನ್ನಿನಿಂದಲೇ ಕರಗಿ ಹಾರಿದ ಅಲ್ಯೂಮಿನಿಯಂ ಚೂರುಗಳು. ಹೆಡ್ ತೆಗೆದು ಪಿಸ್ಟನ್ ಹೊರಗೆಳೆದಾಗ ಮೇಲಿನ ಎರಡು ರಿಂಗುಗಳ ನಡುವಿನ ಗೋಡೆ ಕಿರುಬೆರಳಿನ ಉಗುರಿನಷ್ಟು ಅಗಲಕ್ಕೆ ಮುರಿದು ಹೋಗಿತ್ತು. ಟರ್ಬೊವನ್ನೂ ಬಿಚ್ಚಿ ನೋಡಿದೆವು. ಟರ್ಬೈನ್ ಇರುವ ಕಬ್ಬಿಣದ ಕವಚದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಪೆಟ್ರೋಲ್ ಎಂಜಿನ್ನಿನ ಎಕ್ಸಾಸ್ಟ್ ಡೀಸೆಲ್‌ಗಿಂತ ಹೆಚ್ಚು ಬಿಸಿಯಾಗಿರುತ್ತದೆ. ಡೀಸೆಲ್‌ಗೆಂದು ಎರಕ ಹೊಯ್ದ ಕವಚಕ್ಕೆ ಆ ಬಿಸಿಯನ್ನು ಬಹುಕಾಲ ತಾಳುವ ಗುಣ ಇರುವುದಿಲ್ಲ. ಇದನ್ನು ಕೂರಿಸಿಕೊಟ್ಟವರು ನನಗೆ ಹೇಳಬೇಕಾಗಿತ್ತು. ಲೋಹದ ಜೊತೆಗೇ ದಿನ ಕಳೆಯುವ ನಾನೂ ಕೇಳಬೇಕಾಗಿತ್ತು.

ಟರ್ಬೊ ಎಂಬ ತಂತ್ರದಲ್ಲಿ ದೋಷವಿದೆ ಎಂದು ಇದರಿಂದ ತೀರ್ಮಾನಿಸಬಾರದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರು ಟರ್ಬೊ ಹೊತ್ತು ಮಾರುಕಟ್ಟೆಗೆ ಬಂದಾಗ, ಅದರ ಕಂಪ್ರೆಶನ್ ಅನುಪಾತ (ಸಿಲಿಂಡರಿನಲ್ಲಿ ಮಿಶ್ರಣವನ್ನು ಎಷ್ಟು ಪಟ್ಟು ಅದುಮಲಾಗುತ್ತದೆ ಎಂಬ ಲೆಕ್ಕ) 10.25ರಷ್ಟು ಹೆಚ್ಚಿದ್ದ ಕಾರಣ, ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್ನಿಗೆ ಸಿಂಪಡಿಸುವ ಏರ್ಪಾಡನ್ನೇ ಮಾಡಬೇಕಾಯಿತು. ಕಾರ್ಖಾನೆಯೇ ಅಷ್ಟು ಕಷ್ಟಪಟ್ಟ ಸಮಸ್ಯೆಯನ್ನು ನಾವು ಒಂದು ಪಿಗ್ಗಿಬ್ಯಾಕ್ ಪೆಟ್ಟಿಗೆಯಿಂದ ಬಗೆಹರಿಸಲು ಹೊರಟಿದ್ದೆವು. ಇಂದಿನ ಟರ್ಬೊ ಕಾರುಗಳು ಲಕ್ಷ ಕಿಲೊಮೀಟರ್ ಬಾಳುತ್ತಿದ್ದರೆ, ಅವುಗಳ ಪಿಸ್ಟನ್, ಎಣ್ಣೆಯ ದಾರಿ, ನಾಕ್ ಸೆನ್ಸರ್, ಇಸಿಯು ಎಲ್ಲವೂ ಆ ಒತ್ತಡಕ್ಕೆಂದೇ ಕೂಡಿ ಹುಟ್ಟಿರುವುದೇ ಅದಕ್ಕೆ ಕಾರಣ.

ಎಂಜಿನ್ ಬಿಚ್ಚಿ ನೋಡಿದ ನಿಪ್ಪಾಣಿಯ ಮಿಸ್ತ್ರಿ, ಪಿಸ್ಟನ್ನನ್ನು ಬನಿಯನ್ ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಟ್ಟು, “ಸರ, ಹಳೀ ಗ್ವಾಡಿ ಮ್ಯಾಲ ಮತ್ತೊಂದು ಮಾಳಿಗಿ ಏರಿಸಿದಂಗ ಆಗೇತ್ರಿ. ಎಸ್ಟೀಮಂದು ಪೂರಾ ಎಂಜಿನ್ನ ಹಾಕೂಣು. ಅದು ಕಂಪನಿಯಿಂದ ಹೆಂಗ ಬಂದೈತಿ ಹಂಗ ಕುಂದರ್‍ತೈತಿ” ಎಂದರು. ನಾನು ಕಾಗದಪತ್ರದ ಚಿಂತೆ ಹೇಳಿದೆ. “ಮೊದಲ ಕಾಗದ ಮಾಡಿಸ್ಕೊಂಡ ಬರ್‍ರಿ, ಅಲ್ಲೀತನಾ ನಾ ಸ್ಪಾನರ್ ಮುಟ್ಟಂಗಿಲ್ಲ” ಎಂದವರೂ ಅವರೇ. ಅವರ ಮೇಲಿನ ನನ್ನ ಗೌರವ ಆ ಮಾತಿನಿಂದ ಹೆಚ್ಚಾಯಿತು.

ಝೆನ್ ಮತ್ತು ಎಸ್ಟೀಮ್ ಎಂಜಿನ್‌ಗಳು ಸುಝುಕಿಯ ಒಂದೇ ಜಿ ಸರಣಿಗೆ ಸೇರಿದವು. ಆದ್ದರಿಂದಲೇ ಈ ಬದಲಾವಣೆ, ಬೇರೆ ತಯಾರಕರ ಎಂಜಿನ್ ತಂದು ಚಾಸಿ ಕತ್ತರಿಸುವ ಕೆಲಸಕ್ಕಿಂತ ಬಹಳ ಸುಲಭ. ಅಪಘಾತದಲ್ಲಿ ಹಿಂಭಾಗ ಜಜ್ಜಿಹೋಗಿದ್ದ ಎಸ್ಟೀಮ್ ಒಂದನ್ನು, ಮಾರಾಟದ ರಸೀದಿ ಮತ್ತು ಆರ್‌ಸಿ ಪ್ರತಿ ಸಮೇತ ಕೊಂಡೆ. ಅದು 85 ಅಶ್ವಶಕ್ತಿಯ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಂಜೆಕ್ಟರ್ ಇರುವ) ಮಾದರಿ. ಎಂಜಿನ್ ಇಳಿಸುವ ಮೊದಲೇ ನಾಲ್ಕೂ ಸಿಲಿಂಡರುಗಳ ಕಂಪ್ರೆಶನ್ (ಒಳಗೆ ಹುಟ್ಟುವ ಒತ್ತಡ) ಪರೀಕ್ಷಿಸಿ, ಅಂಕಿಗಳು ಒಂದಕ್ಕೊಂದು ಹತ್ತಿರವಿರುವುದನ್ನು ಕಣ್ಣಾರೆ ನೋಡಿದ ಮೇಲಷ್ಟೇ ಹಣ ಕೊಟ್ಟೆ. ಗೇರ್‌ಬಾಕ್ಸ್, ಡ್ರೈವ್‌ಶಾಫ್ಟ್, ವೈರಿಂಗ್, ಇಸಿಯು, ರೇಡಿಯೇಟರ್, ಮುಂದಿನ ಬ್ರೇಕ್ ಎಲ್ಲವೂ ಅದೇ ಕಾರಿನಿಂದ ಬಂದವು. ಬ್ರೇಕ್ ವಿಷಯವನ್ನು ಒತ್ತಿ ಹೇಳುತ್ತೇನೆ: ಶಕ್ತಿ ಹೆಚ್ಚಿಸಿ ನಿಲ್ಲಿಸುವ ಸಾಮರ್ಥ್ಯವನ್ನು ಹಾಗೆಯೇ ಬಿಡುವುದು ಮನೆಯವರ ಜೀವದೊಂದಿಗೆ ಆಡುವ ಆಟ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಆಯಿಲ್ ಸೀಲುಗಳನ್ನು ಎಂಜಿನ್ ನೆಲದ ಮೇಲಿರುವಾಗಲೇ ಹೊಸದಾಗಿ ಹಾಕಿಸಿದೆವು. ಒಟ್ಟು ಖರ್ಚು 92,000 ರೂಪಾಯಿ. ಕಾಗದದ ಓಡಾಟವೂ ಸೇರಿ ಏಳು ತಿಂಗಳು ಹಿಡಿಯಿತು, ಅಷ್ಟು ದಿನ ಬಸ್ಸಿನಲ್ಲಿ ಓಡಾಡಿದೆ.

ಕಾಗದದ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. 2011ರಲ್ಲಿ ನನಗೆ ಆರ್‌ಟಿಒ ತಪಾಸಣೆಯ ನಂತರ ಅನುಮತಿ ಸಿಕ್ಕಿ, ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ದಾಖಲಾಯಿತು. ವಿಮೆಯವರಿಗೂ ಬರೆದು ತಿಳಿಸಿದೆ. ಆಗ ನನಗೆ ಸಿಕ್ಕಿತೆಂದು ಇಂದು ಯಾರೂ ಅದನ್ನು ನಂಬಿ ಕೆಲಸಕ್ಕೆ ಇಳಿಯಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ತರುವ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ 182ಎ ಕಲಮಿನಂತೆ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಎಂಜಿನ್ ನಂಬರ್ ಬದಲಾಗುವುದಿಲ್ಲ ಎಂಬ ಕಾರಣಕ್ಕೆ ಟರ್ಬೊ ಈ ಕಾನೂನಿನಿಂದ ತಪ್ಪಿಸಿಕೊಳ್ಳುತ್ತದೆ ಎಂದು ಭಾವಿಸುವುದೂ ಸರಿಯಲ್ಲ. ಮೊದಲು ಲಿಖಿತ ಅನುಮತಿ, ಆಮೇಲೆ ಸ್ಪಾನರ್.

ಟರ್ಬೊ ಜೊತೆ ನಾನು ಓಡಿಸಿದ್ದು 15 ತಿಂಗಳು, 11,000 ಕಿ.ಮೀ. ಎಸ್ಟೀಮ್ ಎಂಜಿನ್ ಜೊತೆ ಇಲ್ಲಿಯವರೆಗೆ 1,06,000 ಕಿ.ಮೀ. ಮೂಲ ಎಂಜಿನ್ ಹೆದ್ದಾರಿಯಲ್ಲಿ ಲೀಟರಿಗೆ 17 ಕಿ.ಮೀ. ಕೊಡುತ್ತಿತ್ತು, ಟರ್ಬೊ 12, ಇದು 14. ಶಿಳ್ಳೆಯಿಲ್ಲ, ದೂಡುವ ಅನುಭವವಿಲ್ಲ. ಬದಲಿಗೆ 1500 ಆರ್‌ಪಿಎಂನಿಂದಲೇ ಎಳೆತ ಸಿಗುತ್ತದೆ, ಖಂಬಾಟಕಿಯನ್ನು ಏಸಿ ಸಹಿತ ಮೂರನೇ ಗೇರಿನಲ್ಲೇ ಹತ್ತಿ ಮುಗಿಸುತ್ತದೆ. ಟರ್ಬೊ ಇದ್ದಾಗ ಗಾಡಿ ನಿಲ್ಲಿಸಿದ ಮೇಲೆ ಒಂದು ನಿಮಿಷ ಎಂಜಿನ್ ಹಾಗೇ ಓಡಲು ಬಿಟ್ಟು, ಟರ್ಬೈನಿನ ಬಿಸಿ ಇಳಿದ ಮೇಲೆ ಕೀಲಿ ತಿರುಗಿಸಬೇಕಿತ್ತು. ಇಲ್ಲದಿದ್ದರೆ ಅದರ ಬೇರಿಂಗಿನಲ್ಲಿ ಎಣ್ಣೆ ಸುಟ್ಟು ಗಟ್ಟಿಯಾಗುತ್ತದೆ. ನನ್ನ ಹೆಂಡತಿ ಕಾರು ಓಡಿಸಲು ಹಿಂಜರಿಯುತ್ತಿದ್ದುದು ಈ ಒಂದು ನಿಯಮಕ್ಕೇ. ಈಗ ವಾರದಲ್ಲಿ ನಾಲ್ಕು ದಿನ ಕಾರು ಅವಳ ಕೈಯಲ್ಲಿರುತ್ತದೆ.

ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಹಳೆಯ ರಬ್ಬರ್ ಇಂಧನ ಪೈಪುಗಳನ್ನು ಪೂರ್ತಿ ಬದಲಿಸಿದೆ. ಈ ಇಂಧನಕ್ಕೆ ಅದೇ ಗಾಳಿಗೆ ಹೆಚ್ಚು ಪ್ರಮಾಣ ಬೇಕು. ಸಾಧಾರಣ ಓಟದಲ್ಲಿ ಇಸಿಯು ಆಕ್ಸಿಜನ್ ಸೆನ್ಸರ್ ನೋಡಿ ಸರಿದೂಗಿಸುತ್ತದೆ, ಪೂರ್ತಿ ಕಾಲೊತ್ತಿದಾಗ ತನ್ನೊಳಗಿನ ಹಳೆಯ ಕೋಷ್ಟಕದಂತೆಯೇ ಇಂಧನ ಸುರಿಯುತ್ತದೆ. ಬೂಸ್ಟ್ ಇರುವ ಎಂಜಿನ್ನಿನಲ್ಲಿ ಆ ಕೊರತೆ ಪಿಸ್ಟನ್ನಿನ ಅಪಾಯವನ್ನು ಹೆಚ್ಚಿಸುತ್ತದೆ. ಹಳೆಯ ಟ್ಯೂನಿಂಗಿನಲ್ಲೇ ಟರ್ಬೊ ಓಡಿಸುತ್ತಿರುವವರು ಮರು ಟ್ಯೂನ್ ಮಾಡಿಸದೆ ಘಾಟಿ ಹತ್ತಬಾರದು.

ಎಸ್ಟೀಮ್ ಎಂಜಿನ್ನಿನ ದಾರಿಯಲ್ಲೂ ಕೊರತೆಗಳಿವೆ. ಬಲಬದಿಯ ಎಂಜಿನ್ ಮೌಂಟನ್ನು ನಮ್ಮ ಲೇಥಿನಲ್ಲೇ ಬ್ರ್ಯಾಕೆಟ್ ಮಾಡಿ ಕೂರಿಸಿದ್ದರಿಂದ, ಸಿಗ್ನಲ್ಲಿನಲ್ಲಿ ನಿಂತಾಗ ಸ್ಟೇರಿಂಗ್ ಸಣ್ಣಗೆ ನಡುಗುತ್ತದೆ; ಅದರ ರಬ್ಬರನ್ನು ಮೂರು ಬಾರಿ ಬದಲಿಸಿದ್ದೇನೆ. ಮುಂಭಾಗ ತುಸು ಭಾರವಾಗಿ ಟೈರುಗಳ ಹೊರ ಅಂಚು ಬೇಗ ಸವೆಯುತ್ತದೆ. ಕಳೆದ ತಿಂಗಳು ಮಿಸ್ತ್ರಿ ಮತ್ತೆ ಕಂಪ್ರೆಶನ್ ನೋಡಿದರು: ನಾಲ್ಕರಲ್ಲಿ ಮೂರು ಸಿಲಿಂಡರುಗಳು ಸರಿಯಾಗಿವೆ, ನಾಲ್ಕನೆಯದು ಸ್ವಲ್ಪ ಇಳಿದಿದೆ. ದೀಪಾವಳಿಗೆ ಊರಿಗೆ ಹೋಗಿ ಬಂದ ಮೇಲೆ ಹೆಡ್ ತೆಗೆಸಿ ವಾಲ್ವ್ ಕೂರಿಸುವ ಕೆಲಸ ಮಾಡಿಸುತ್ತೇನೆ.